ಹೇಳದೆ ಉಳಿದ ನಾಲ್ಕು ತಿಂಗಳು

ಏಲಕ್ಕಿಯನ್ನು ಕಣ್ಣಿನಿಂದ ಆರಿಸುವವರು ಬೇರೆ, ಬೆರಳಿನಿಂದ ಆರಿಸುವವರು ಬೇರೆ. ತಮಿಳುನಾಡಿನ ತೇವಾರಂ ಊರಿನ ಅಳಗಮ್ಮಾಳ್ ಬೆರಳಿನವಳು. ಬೋಡಿನಾಯಕನೂರಿನ ಏಲಕ್ಕಿ ಮಂಡಿಯಲ್ಲಿ ಮೊರ ಮುಂದಿಟ್ಟುಕೊಂಡು ಕೂತರೆ, ಎದುರಿನವಳ ಮುಖ ನೋಡಿ ಮಾತಾಡುತ್ತಲೇ ಒಡಕು ಕಾಯಿ, ಹುಳ ಕೊರೆದ ಕಾಯಿ, ಒಳಗೆ ಬೀಜವಿಲ್ಲದ ಜೊಳ್ಳು ಕಾಯಿ ಮೂರನ್ನೂ ಬೇರೆ ಬೇರೆ ಗುಡ್ಡೆ ಮಾಡಿಬಿಡುವಳು. ಮೇಸ್ತ್ರಿ ಕಾಳಿಮುತ್ತು ಬೇರೆಯವರ ಮೊರವನ್ನು ಎರಡೆರಡು ಸಲ ಕೆದಕಿ ನೋಡುತ್ತಿದ್ದ. ಇವಳ ಮೊರದ ಮುಂದೆ ನಿಲ್ಲುತ್ತಲೂ ಇರಲಿಲ್ಲ.

ಎದುರಿಗೆ ಕೂರುತ್ತಿದ್ದವಳು ಪಿಚ್ಚೈಯಮ್ಮಾಳ್. ಅಳಗಮ್ಮಾಳಿಗಿಂತ ಆರು ವರ್ಷ ದೊಡ್ಡವಳು, ಕೊಂಬೈಯಿಂದ ತೇವಾರಂಗೆ ಮದುವೆಯಾಗಿ ಬಂದವಳು. ಒಂಬತ್ತು ವರ್ಷದ ಹಿಂದೆ ಇವಳನ್ನು ಕೈ ಹಿಡಿದು ಮಂಡಿಗೆ ಕರೆತಂದು ಕೆಲಸಕ್ಕೆ ಹಚ್ಚಿದವಳೂ ಅವಳೇ. ಇಬ್ಬರೂ ಮನೆಯ ಕನ್ನಡದಲ್ಲಿ ಮಾತು ಶುರುವಿಟ್ಟುಕೊಂಡರೆ ತಮಿಳು ಮಾತ್ರ ಬಲ್ಲ ಮೇಸ್ತ್ರಿಗೆ ಒಂದಕ್ಷರ ತಿಳಿಯದು. ಅವನನ್ನು ಬೈದುಕೊಳ್ಳುವುದಕ್ಕೂ ಅದೇ ಅನುಕೂಲವಾಗಿತ್ತು.

೧೯೯೮ರ ಜನವರಿ, ತಮಿಳರ ತೈ ತಿಂಗಳಲ್ಲಿ, ಪೊಂಗಲ್ ಕಳೆದ ವಾರ, ಅಳಗಮ್ಮಾಳ್ ಒಲೆಯಿಂದ ಅನ್ನದ ಪಾತ್ರೆ ಇಳಿಸುತ್ತಿದ್ದಳು. ಕೂದಲು ಸುಟ್ಟಂಥ ವಾಸನೆ ಮೂಗಿಗೆ ಬಂದು ಅತ್ತಿತ್ತ ನೋಡಿದಳು. ಸುಡುತ್ತಿದ್ದದ್ದು ಅವಳದೇ ಬಲ ಮುಂಗೈ. ಪಾತ್ರೆಯ ಅಂಚು ಚರ್ಮಕ್ಕೆ ಅಂಟಿಕೊಂಡಿತ್ತು, ಅವಳಿಗೆ ಮಾತ್ರ ಏನೂ ತಿಳಿದಿರಲಿಲ್ಲ. ಅಲ್ಲಿ ಮೊದಲೇ ಒಂದು ಮಚ್ಚೆ ಇತ್ತು. ಒಣಗಿದಂತೆ ಮಾಸಲು ಬಣ್ಣದ್ದು, ಅಂಗೈಯಷ್ಟು ಅಗಲ. ಬಿಸಿಲಿಗೆ ಹಾಗಾಗಿದೆ ಎಂದುಕೊಂಡು ಎರಡು ವರ್ಷ ಅದರ ಕಡೆ ತಿರುಗಿಯೂ ನೋಡಿರಲಿಲ್ಲ.

ಅದೇ ತಿಂಗಳು ಸರ್ಕಾರದ ಕಡೆಯಿಂದ ಮೋಹನ್‌ರಾಜ್ ಎಂಬ ಆರೋಗ್ಯ ಕಾರ್ಯಕರ್ತ ಮನೆ ಮನೆ ತಿರುಗುತ್ತಿದ್ದ. ಕೊಂಬೈ ಕಡೆಯವನು, ಮನೆ ಮಾತು ಬಲ್ಲವನು. ಸುಟ್ಟ ಗಾಯವನ್ನು ಅವನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಪೆನ್ನಿನ ತುದಿಯಿಂದ ಅಲ್ಲಲ್ಲಿ ಮುಟ್ಟಿದ.

"ಎಲ್ಲಿ ಮುಟ್ಟಿದೆ ಅಂತ ತೋರಿಸಿ ಅಕ್ಕಾ."

ಅಳಗಮ್ಮಾಳ್ ಬೆರಳು ಇಟ್ಟು ತೋರಿಸುತ್ತಾ ಬಂದಳು. ಕೊನೆಗೆ, "ಯಾಕೆ ತಂಬಿ, ನಿಲ್ಲಿಸಿಬಿಟ್ಟೆ?" ಎಂದಳು.

ಅವನು ನಿಲ್ಲಿಸಿರಲಿಲ್ಲ. ಮಚ್ಚೆಯ ಮೇಲೆ ನಾಲ್ಕು ಸಲ ಮುಟ್ಟಿದ್ದ.

ಊರಿನವರು ಬಾಯಿಬಿಟ್ಟು ಹೇಳಲು ಹೆದರಿ 'ದೊಡ್ಡ ರೋಗ' ಎನ್ನುವ ಕಾಯಿಲೆ ಅದು. ಮೋಹನ್‌ರಾಜ್ ಕುಷ್ಠ ಎಂದೇ ಹೇಳಿದ. ಆರು ತಿಂಗಳು ಮಾತ್ರೆ ನುಂಗಿದರೆ ಪೂರ್ತಿ ವಾಸಿ, ಮಾತ್ರೆ ಶುರುವಾದ ಮೇಲೆ ಯಾರಿಗೂ ಹರಡುವುದಿಲ್ಲ ಎಂದೂ ಹೇಳಿದ. ಗಂಡ ಜೆಯರಾಜ್ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ಕೂಲಿ ಹೆಂಗಸರನ್ನು ಬೆಳಗ್ಗೆ ಜೀಪಿನಲ್ಲಿ ತುಂಬಿಕೊಂಡು ಬೆಟ್ಟದ ಮೇಲಿನ ಏಲಕ್ಕಿ ತೋಟಗಳಿಗೆ ಬಿಟ್ಟು ಬರುವುದು ಅವನ ಕೆಲಸ.

ಕಾರ್ಯಕರ್ತ ಹೋದ ಮೇಲೆ ಅವನು ಹೆಂಡತಿಯನ್ನು ಬೈಯಲಿಲ್ಲ, ದೂರ ಕೂರಲೂ ಇಲ್ಲ. "ಯಾರಿಗೂ ಹೇಳಬೇಡ ಅಳಗು. ಗೊತ್ತಾದರೆ ನಾಳೆಯಿಂದ ಒಬ್ಬಳೂ ನನ್ನ ಜೀಪ್ ಹತ್ತಲ್ಲ," ಎಂದ.

"ಪಿಚ್ಚೈಯಕ್ಕನಿಗೂ?"

"ಅವಳಿಗೂ."

ಮೊದಲ ಮಾತ್ರೆಗೆ ಮೂತ್ರ ಕೆಂಪಗೆ ಹೋಗಿ ಅವಳ ಜೀವವೇ ಬಾಯಿಗೆ ಬಂತು. ಅದು ಮಾತ್ರೆಯ ಬಣ್ಣ, ಮರುದಿನಕ್ಕೆ ಸರಿಹೋಗುತ್ತದೆ ಎಂದು ಮೋಹನ್‌ರಾಜ್ ಮೊದಲೇ ಹೇಳಿದ್ದ. ಹೇಳಿದಂತೆಯೇ ಆಯಿತು. ಅವನ ಮಾತಿನ ಮೇಲೆ ಸ್ವಲ್ಪ ನಂಬಿಕೆ ಹುಟ್ಟಿತು. ಉದ್ದ ತೋಳಿನ ರವಿಕೆ ಹೊಲಿಸಿಕೊಂಡು ಮಂಡಿಗೆ ಹೋಗುತ್ತಾ ಬಂದಳು.

ಎರಡು ತಿಂಗಳು ಕಳೆದು, ಪಂಗುನಿ ತಿಂಗಳ ಒಂದು ಮಧ್ಯಾಹ್ನ. ಸೆಕೆಗೆ ಪಿಚ್ಚೈಯಮ್ಮಾಳ್ ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಾಲು ಚಾಚಿ ಕೂತಿದ್ದಳು. ಎಡಗಾಲಿನ ಹೊರ ಮಗ್ಗುಲಿಗೆ, ಮೊಣಕಾಲಿನ ಸ್ವಲ್ಪ ಕೆಳಗೆ, ತಾಮ್ರದ ಬಣ್ಣದ ಮಚ್ಚೆ. ಒಣಗಿದ್ದು, ಒಂದು ಕೂದಲೂ ಇಲ್ಲದ್ದು. ಎಷ್ಟು ವರ್ಷದಿಂದ ಆ ಕಾಲು ತನ್ನ ಎದುರಿಗೆ ಇತ್ತೋ, ನೋಡುವ ಕಣ್ಣು ಬಂದದ್ದು ಮಾತ್ರ ಈಗ.

ಪಿಚ್ಚೈಯಮ್ಮಾಳ್ ತನ್ನ ನಾದಿನಿಯ ಮಗಳ ಸೀಮಂತದ ಸುದ್ದಿ ಹೇಳುತ್ತಿದ್ದಳು. ಅಳಗಮ್ಮಾಳ್ ಹೂಂಗುಟ್ಟುತ್ತಾ, ಕಾಯಿಯ ತೊಟ್ಟು ಕತ್ತರಿಸುವ ಕತ್ತರಿಯನ್ನು ಕೈಗೆತ್ತಿಕೊಂಡಳು. ಮೊರ ಸರಿಸುವವಳಂತೆ ಬಗ್ಗಿ, ಕತ್ತರಿಯ ತುದಿಯನ್ನು ಆ ಮಚ್ಚೆಗೆ ಒತ್ತಿದಳು. ಚರ್ಮ ತಗ್ಗಾಯಿತು. ಪಿಚ್ಚೈಯಮ್ಮಾಳ್ ಯಾವ ಬಳೆ, ಯಾವ ಬಣ್ಣ ಎಂದು ಹೇಳುತ್ತಲೇ ಇದ್ದಳು. ಇನ್ನಷ್ಟು ಒತ್ತಿದಳು. ಕಾಲು ಅಲುಗಲಿಲ್ಲ.

ಕತ್ತರಿ ಕೆಳಗಿಟ್ಟು ನೀರು ಕುಡಿಯಲು ಎದ್ದು ಹೋದಳು. ನೀರಿನ ಮಡಕೆಯ ಹತ್ತಿರ ನಿಂತು, ಈಗಲೇ ಹೋಗಿ ಹೇಳಬೇಕು ಎಂದುಕೊಂಡಳು. ಹೇಳಿದರೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾಳೆ. ಹೇಗೆ ಗೊತ್ತು ಎಂದು ಹೇಳಿದರೆ ಜೀಪ್ ನಿಲ್ಲುತ್ತದೆ. ವಾಪಸ್ಸು ಬಂದು ಕೂತು ಕಾಯಿ ಆರಿಸತೊಡಗಿದಳು. ಅವತ್ತು ಅವಳ ಮೊರದಲ್ಲಿ ಹುಳುಕು ಕಾಯಿ ಉಳಿದಿತ್ತು. ಮೇಸ್ತ್ರಿ ನೋಡಲಿಲ್ಲ.

ಮರು ತಿಂಗಳು, ಚಿತ್ತಿರೈ ಹುಟ್ಟುತ್ತಿದ್ದಂತೆ ಅವಳ ಮೈ ತಿರುಗಿಬಿತ್ತು. ಮಾತ್ರೆ ತಪ್ಪದೆ ನುಂಗುತ್ತಿದ್ದರೂ ಮುಂಗೈಯ ಮಚ್ಚೆ ಒಂದೇ ವಾರದಲ್ಲಿ ಕೆಂಪಗೆ ಊದಿ, ಹೊಳೆಯತೊಡಗಿತು. ಮೊಣಕೈಯ ಹಿಂದುಗಡೆ ಯಾರೋ ಕಾದ ತಂತಿ ಎಳೆದಂಥ ನೋವು. ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಜೋಮು ಹಿಡಿದು, ಒಡಕು ಕಾಯಿಗೂ ಒಳ್ಳೆ ಕಾಯಿಗೂ ಭೇದ ತಿಳಿಯದಾಯಿತು. ಮಾತ್ರೆಯೇ ವಿಷವಾಗಿದೆ ಎಂದು ತೀರ್ಮಾನಿಸಿ ಉಳಿದ ಮಾತ್ರೆಗಳನ್ನು ಅಕ್ಕಿ ಮಡಕೆಯ ತಳದಲ್ಲಿ ಹೂತಿಟ್ಟಳು. ತಿಂಗಳ ಮಾತ್ರೆ ಕೊಡಲು ಮೋಹನ್‌ರಾಜ್ ಬಂದಾಗ ಹಿತ್ತಲಿಂದ ಜಾರಿಕೊಂಡಳು. ಐದು ವಾರ ಹೀಗೇ ಕಳೆಯಿತು. ಕೊನೆಗೆ ಒಂದು ಬೆಳಗ್ಗೆ ಅವನು ಬೋಡಿನಾಯಕನೂರಿಗೆ ಹೋಗುವ ಬಸ್ಸಿನಲ್ಲೇ ಅವಳನ್ನು ಹಿಡಿದ. ಕೈ ನೋಡಿದವನು ಅವಳನ್ನು ಮಂಡಿಗೆ ಬಿಡಲಿಲ್ಲ, ನೇರ ತೇನಿಯ ಆಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿ ಚರ್ಮದ ಡಾಕ್ಟರ್ ತಮಿಳರಸಿ ಅವಳ ಮೊಣಕೈ ಹಿಂದೆ ಬೆರಳಾಡಿಸಿದರು. ಹುರಿಹಗ್ಗದಂತೆ ದಪ್ಪಗಾದ ನರ ಅವರ ಬೆರಳಿಗೆ ಸಿಕ್ಕಿತು. ಅಳಗಮ್ಮಾಳ್ ಕಿರುಚಿಕೊಂಡಳು. ಆಮೇಲೆ ಡಾಕ್ಟರ್ ಕಿರುಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಒಂದು ಕಾಗದ ಸಿಕ್ಕಿಸಿ, "ಬಿಗಿಯಾಗಿ ಹಿಡಿದುಕೋ ಅಮ್ಮಾ," ಎಂದು ತಮಿಳಿನಲ್ಲಿ ಹೇಳಿ ಎಳೆದರು. ಕಾಗದ ಸಲೀಸಾಗಿ ಅವರ ಕೈಗೆ ಬಂತು.

"ಮಾತ್ರೆ ನಿಲ್ಲಿಸಿದ್ದು ತಪ್ಪು. ಇದು ಮಾತ್ರೆಯ ವಿಷ ಅಲ್ಲ. ನಿನ್ನ ಮೈ ಎಚ್ಚರವಾಗಿದೆ," ಎಂದರು ಡಾಕ್ಟರ್. ಊತ ಇಳಿಸುವ ಬೇರೆ ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಎಂಟರಿಂದ ಶುರುಮಾಡಿ ನಾಲ್ಕು ತಿಂಗಳಲ್ಲಿ ನಿಧಾನಕ್ಕೆ ಇಳಿಸಬೇಕು, ಹಳೆಯ ಮಾತ್ರೆಯನ್ನೂ ಬಿಡಬಾರದು.

ಎಚ್ಚರವಾದ ಮೈ ಕೈಯನ್ನೇಕೆ ಕೆಡಿಸುತ್ತದೆ? ಹೊರಗಿನ ಬೆಂಚಿನ ಮೇಲೆ ಕೂತು ಅವಳು ಮೋಹನ್‌ರಾಜ್‌ನನ್ನು ಅದನ್ನೇ ಕೇಳಿದಳು.

"ನೋಡಿ ಅಕ್ಕಾ, ಮೈಯೊಳಗೆ ಕಾವಲಿಗೆ ಅಂತ ಕಣಗಳಿವೆ. ಕಣ್ಣಿಗೆ ಕಾಣದಷ್ಟು ಸಣ್ಣವು. ಅದರಲ್ಲಿ ಒಂದು ಥರದವು ರೋಗದ ಹುಳವನ್ನ ನುಂಗ್ತವೆ. ನುಂಗಿ, ಒಳಗೇ ಚೂರು ಚೂರು ಮಾಡಿ, ಒಂದು ಚೂರನ್ನ ಹೊರಗೆ ತಂದು ಮೈಮೇಲೆ ಹಿಡ್ಕೊಂಡು ನಿಲ್ತವೆ. ನೀವು ಹುಳುಕು ಕಾಯಿ ಸಿಕ್ಕಿದರೆ ಅಂಗೈ ಮೇಲೆ ಇಟ್ಕೊಂಡು ಮೇಸ್ತ್ರಿಗೆ ತೋರಿಸಲ್ವಾ, ಹಂಗೆ."

"ತೋರಿಸೋದು ಯಾರಿಗೆ?"

"ಟಿ ಕಣ ಅಂತ ಇನ್ನೊಂದು ಜನ ಇದಾರೆ. ಅವಕ್ಕೆ ಇಡೀ ಹುಳ ಎದುರಿಗೆ ಬಂದರೂ ಗುರುತು ಸಿಗಲ್ಲ. ಹೀಗೆ ಯಾರಾದರೂ ಚೂರು ಮಾಡಿ, ಹಿಡಿದು ತೋರಿಸಲೇಬೇಕು. ಅದೂ ಒಂದೊಂದು ಟಿ ಕಣಕ್ಕೆ ಒಂದೊಂದೇ ಚೂರು ಗೊತ್ತು. ಸಾವಿರಾರು ಬಂದು ಮುಟ್ಟಿ ನೋಡಿ, ನಂದಲ್ಲ ಅಂತ ಹೋಗ್ತವೆ. ಯಾವುದೋ ಒಂದಕ್ಕೆ ಹೊಂದ್ಕೊಂಡರೆ ಅದು ಅಲ್ಲೇ ನಿಂತು, ಒಂದು ಹತ್ತಾಗಿ, ಹತ್ತು ಸಾವಿರವಾಗಿ ಎಲ್ಲರನ್ನೂ ಕೂಗಿ ಕರೀತದೆ. ಆಮೇಲೆ ಹುಳ ಎಲ್ಲಿದ್ದರೂ ಬಿಡಲ್ಲ."

"ಇಷ್ಟು ವರ್ಷ ಎಲ್ಲಿ ಹೋಗಿದ್ವು ಅವೆಲ್ಲ?"

"ಈ ಹುಳ ಕಳ್ಳ ಅಕ್ಕಾ. ನುಂಗಿದ ಕಣದ ಒಳಗೇ ಬಾಳ್ತದೆ, ನರದೊಳಗೆ ಹೊಕ್ಕು ಕೂರ್ತದೆ. ಮಾತ್ರೆಯಿಂದ ಸತ್ತು ಒಡೆದಾಗ ಚೂರುಗಳು ಜಾಸ್ತಿ ಆಗ್ತವೆ, ತೋರಿಸೋದೂ ಜಾಸ್ತಿ ಆಗ್ತದೆ. ಅದಕ್ಕೇ ಈಗ ಎಚ್ಚರ ಆಗಿರಬೇಕು ಅಂತಾರೆ ಡಾಕ್ಟರಮ್ಮ. ಎಲ್ಲರಿಗೂ ಯಾಕೆ ಹೀಗಾಗಲ್ಲ ಅಂದರೆ ಅವರಿಗೂ ಪೂರ್ತಿ ಗೊತ್ತಿಲ್ಲವಂತೆ."

"ಹಂಗಾದರೆ ತಪ್ಪು ಯಾರದು ತಂಬಿ?"

"ಯಾರದೂ ಅಲ್ಲ. ಅವು ಕೆಲಸ ಸರಿಯಾಗೇ ಮಾಡ್ತಿವೆ, ಮಾಡೋ ಜಾಗ ಇಕ್ಕಟ್ಟು. ನರ ಅಂದರೆ ಬಿಗಿ ಕೊಳವೆ. ಒಳಗೆ ಜಗಳ ಆಗಿ ಊದಿಕೊಂಡರೆ ನರವೇ ಹಿಸುಕಿ ಹೋಗ್ತದೆ. ಬೇಗ ಬಂದು ಊತ ಇಳಿಸಿಕೊಂಡರೆ ನರ ಉಳೀತದೆ. ಆರು ತಿಂಗಳು ದಾಟಿದರೆ ಹೋದದ್ದು ಹೋದದ್ದೇ."

ಆ ಕೊನೆಯ ಮಾತು ಕೇಳಿ ಅವಳಿಗೆ ನೆನಪಾದದ್ದು ತನ್ನ ಕೈ ಅಲ್ಲ, ಪಿಚ್ಚೈಯಮ್ಮಾಳ ಕಾಲು. ಮೋಹನ್‌ರಾಜ್ ಪಕ್ಕದಲ್ಲೇ ಕೂತಿದ್ದ. ಒಂದು ಮಾತು ಬಾಯಿಂದ ಬಿದ್ದಿದ್ದರೆ ಸಾಕಿತ್ತು. ಅವಳು ಬಸ್ ಎಷ್ಟು ಹೊತ್ತಿಗೆ ಎಂದು ಕೇಳಿದಳು.

ವೈಕಾಸಿ, ಆನಿ ಎರಡು ತಿಂಗಳೂ ಕಳೆದವು. ಊತದ ಮಾತ್ರೆಗೆ ವಿಪರೀತ ಹಸಿವು. ಮುಖ ಗುಂಡಗಾಗಿ ಕೆನ್ನೆ ಉಬ್ಬಿತು. "ಗಂಡ ಏನೋ ಚೆನ್ನಾಗಿ ನೋಡ್ಕೋತಿದಾನೆ," ಎಂದು ಮಂಡಿಯ ಹೆಂಗಸರು ನಗಾಡಿದರು. ಪಿಚ್ಚೈಯಮ್ಮಾಳ್ ಮಾತ್ರ ನಗದೆ, ಇವಳ ಮಡಚಿಕೊಂಡ ಎರಡು ಬೆರಳನ್ನು ನೋಡಿ, "ಕೈಗೇನಾಯ್ತೇ?" ಎಂದಳು. ಅಳಗಮ್ಮಾಳ್ ನರ ಹಿಡಿದಿದೆ ಎಂದಳು. ಅದು ಸುಳ್ಳೂ ಅಲ್ಲ. ಅವತ್ತಿನಿಂದ ಪಿಚ್ಚೈಯಮ್ಮಾಳ್ ತನ್ನ ಮೊರ ಮುಗಿಸಿದ ಮೇಲೆ ಇವಳ ಮೊರದಿಂದಲೂ ಎರಡು ಹಿಡಿ ಎತ್ತಿಕೊಂಡು ಆರಿಸಿಕೊಡತೊಡಗಿದಳು. ಆ ಎರಡು ಹಿಡಿ ಕಾಯಿ ಅಳಗಮ್ಮಾಳ ಎದೆಯ ಮೇಲೆ ಕಲ್ಲಾಗಿ ಕೂತಿತು. ಜೆಯರಾಜ್‌ನ ಹತ್ತಿರ ಎರಡು ಸಲ ವಿಷಯ ತೆಗೆದಳು. ಮೊದಲ ಸಲ ಅವನು ಬೇಡ ಎಂದ. ಎರಡನೆಯ ಸಲ ಎದ್ದು ಹೊರಗೆ ಹೋದ.

ಆಡಿ ತಿಂಗಳ ಗಾಳಿ ಹೊಡೆಯುತ್ತಿದ್ದ ಒಂದು ಸಂಜೆ, ಮಂಡಿ ಮುಗಿಸಿ ಇಬ್ಬರೂ ಬೋಡಿಯ ಬಸ್ ನಿಲ್ದಾಣಕ್ಕೆ ನಡೆಯುತ್ತಿದ್ದರು. ಹಿಂದೆ ಬರುತ್ತಿದ್ದ ಅಳಗಮ್ಮಾಳಿಗೆ ದಾರಿಯಲ್ಲಿ ಒಂದು ಚಪ್ಪಲಿ ಸಿಕ್ಕಿತು. ತಲೆಯೆತ್ತಿ ನೋಡಿದರೆ ಪಿಚ್ಚೈಯಮ್ಮಾಳ್ ಇಪ್ಪತ್ತು ಹೆಜ್ಜೆ ಮುಂದೆ, ಒಂದು ಕಾಲಿಗೆ ಚಪ್ಪಲಿ ಇಲ್ಲದೆ ನಡೆದು ಹೋಗುತ್ತಿದ್ದಾಳೆ. ಕಳಚಿದ್ದು ಅವಳಿಗೆ ಗೊತ್ತೇ ಇಲ್ಲ. ಎಡ ಪಾದದ ತುದಿ ನೆಲಕ್ಕೆ ತಾಗಿ ತಾಗಿ ಎಳೆಯುತ್ತಿತ್ತು.

ಅಳಗಮ್ಮಾಳ್ ಓಡಿ ಹೋಗಿ ಅವಳನ್ನು ತಡೆದಳು. ಚಪ್ಪಲಿಯನ್ನು ಕೆಳಗಿಟ್ಟು, ರವಿಕೆಯ ತೋಳು ಮೇಲಕ್ಕೆ ಸರಿಸಿ ಮುಂಗೈ ತೋರಿಸಿದಳು.

"ಅಕ್ಕಾ, ನನಗೆ ದೊಡ್ಡ ರೋಗ. ತೈಯಿಂದ ಮಾತ್ರೆ ನುಂಗ್ತಿದೀನಿ. ನಿನ್ನ ಕಾಲಲ್ಲಿರೋದೂ ಅದೇ."

ಪಿಚ್ಚೈಯಮ್ಮಾಳ್ ಬಗ್ಗಿ ತನ್ನ ಕಾಲು ನೋಡಿಕೊಂಡಳು. "ನನ್ನ ಕಾಲಲ್ಲಿ ಇರೋದು ನಿನಗೆ ಯಾವಾಗಿಂದ ಗೊತ್ತು?" ಎಂದಳು.

"ಪಂಗುನಿಯಿಂದ. ಕತ್ತರಿ ಚುಚ್ಚಿ ನೋಡಿದೆ. ನಿನಗೆ ತಿಳೀಲಿಲ್ಲ."

"ಚುಚ್ಚಿ ನೋಡಿದ್ಯಾ?" ಪಿಚ್ಚೈಯಮ್ಮಾಳ ದನಿ ಏರಲಿಲ್ಲ. "ಚುಚ್ಚಿ ನೋಡಿ, ಎದುರಿಗೆ ಕೂತು ನಾಲ್ಕು ತಿಂಗಳು ನನ್ನ ಜೊತೆ ಉಂಡ್ಯಾ?"

ಚಪ್ಪಲಿ ಮೆಟ್ಟಿಕೊಂಡು ಹೋಗಿ ಬಸ್ಸಿನಲ್ಲಿ ಬೇರೆ ಕಡೆ ಕೂತಳು. ಅಲ್ಲಿಂದ ಮಾತು ನಿಂತಿತು.

ಮರುದಿನವೇ ಅಳಗಮ್ಮಾಳ್ ಮೋಹನ್‌ರಾಜ್‌ನನ್ನು ಅವಳ ಮನೆಗೆ ಕಳಿಸಿದಳು. ಪಿಚ್ಚೈಯಮ್ಮಾಳ್ ತೇನಿಗೆ ಹೋಗಿ ಮಾತ್ರೆ ಶುರುಮಾಡಿದಳು. ಎರಡು ವಾರಕ್ಕೆ ಅವಳ ಮಚ್ಚೆಯೂ ಕೆಂಪಾಗಿ ಊದಿಕೊಂಡಿತು, ಅವಳೂ ಮಾತ್ರೆ ಬಿಸಾಡಲು ಹೊರಟಳು. ಸುದ್ದಿ ಕೇಳಿ ಅಳಗಮ್ಮಾಳ್ ಅವಳ ಮನೆಯ ಮುಂದೆ ಹೋಗಿ ನಿಂತಳು. ಬಾಗಿಲು ತೆರೆಯಲಿಲ್ಲ. ಕಿಟಕಿಯ ಹತ್ತಿರ ನಿಂತೇ, ನುಂಗುವ ಕಣ, ಅದು ಹಿಡಿದು ತೋರಿಸುವ ಚೂರು, ಅದನ್ನು ಮುಟ್ಟಿ ನೋಡಿ ಗುರುತು ಹಿಡಿಯುವ ಟಿ ಕಣ, ಇಕ್ಕಟ್ಟಿನ ನರ, ಎಲ್ಲವನ್ನೂ ತನಗೆ ತಿಳಿದಂತೆ ಹೇಳಿದಳು. ನಡುವೆ ಮರೆತುಹೋಗಿ ಮತ್ತೆ ಮೊದಲಿಂದ ಶುರುಮಾಡಿದಳು.

"ನಿನ್ನ ಮೈ ನಿನ್ನ ಕಡೆಗೇ ಇದೆ ಅಕ್ಕಾ. ಊತಕ್ಕೆ ಬೇರೆ ಮಾತ್ರೆ ಕೊಡ್ತಾರೆ. ನಾನು ಐದು ವಾರ ಬಿಟ್ಟು ಎರಡು ಬೆರಳು ಕಳ್ಕೊಂಡೆ. ನೀನು ಬಿಡಬೇಡ."

ಒಳಗಿಂದ ಪಾತ್ರೆ ಸರಿಸಿದ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಆದರೆ ಆ ವಾರ ಪಿಚ್ಚೈಯಮ್ಮಾಳ್ ತೇನಿಗೆ ಹೋದಳೆಂದು ಮೋಹನ್‌ರಾಜ್ ಬಂದು ಹೇಳಿದ.

ಪಾದ ಜೋಲದಂತೆ ಎತ್ತಿ ಹಿಡಿಯುವ ಸ್ಪ್ರಿಂಗಿನ ಪಟ್ಟಿ ಕಟ್ಟಿಕೊಂಡು ಅವಳು ಮಂಡಿಗೆ ಬಂದ ದಿನ ಗುಸುಗುಸು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಇಡೀ ಮಂಡಿಗೆ ರೋಗದ ಹೆಸರು ತಿಳಿದಿತ್ತು. ಪಕ್ಕದ ಇಬ್ಬರು ಮೊರ ಎತ್ತಿಕೊಂಡು ದೂರ ಹೋದರು. ಕಾಳಿಮುತ್ತು ಬಂದು, "ನಾಳೆಯಿಂದ ಬರಬೇಡಮ್ಮಾ. ತಿನ್ನೋ ಸಾಮಾನು, ಗೊತ್ತಲ್ಲ," ಎಂದ. ಪಿಚ್ಚೈಯಮ್ಮಾಳ್ ತಲೆ ತಗ್ಗಿಸಿ ಸೆರಗು ಕೊಡವಿ ಏಳತೊಡಗಿದಳು. ಎದುರಿಗೆ ಕೂತಿದ್ದ ಅಳಗಮ್ಮಾಳ ಕಡೆ ಅವಳು ನೋಡಲಿಲ್ಲ. ಇವಳ ವಿಷಯ ಬಾಯಿ ಬಿಡಲೂ ಇಲ್ಲ.

ಅಳಗಮ್ಮಾಳ್ ಎದ್ದು ನಿಂತಳು. ಮಡಚಿದ ಬೆರಳಿನ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಮುಂದೆ ಚಾಚಿದಳು.

"ಮೇಸ್ತ್ರಿ, ನನಗೂ ಅದೇ ರೋಗ. ತೈಯಿಂದ. ಅವಳಿಗಿಂತ ಮೊದಲು ನನಗೆ ಗೊತ್ತಾದದ್ದು. ನನ್ನ ಮಾತ್ರೆ ಇನ್ನೇನು ಮುಗೀತು. ನಿಮ್ಮಲ್ಲಿ ಯಾರಿಗಾದರೂ ಇಂಥ ಮಚ್ಚೆ ಇದ್ದರೆ ಈಗಲೇ ಹೋಗಿ ತೋರಿಸಿ. ನನ್ನ ಥರ ಮುಚ್ಚಿಟ್ಕೋಬೇಡಿ."

ಕಾಳಿಮುತ್ತು ಅವಳ ಮೊರವನ್ನೂ ಎತ್ತಿಟ್ಟ. ಇಬ್ಬರೂ ಅವತ್ತು ಹೊರಗೆ ಬಂದರು, ಬೇರೆ ಬೇರೆಯಾಗಿ.

ಜೆಯರಾಜ್ ಹೆದರಿದ್ದಂತೆಯೇ ಆಯಿತು. ಹದಿನಾಲ್ಕು ಹೆಂಗಸರಲ್ಲಿ ಹತ್ತು ಮಂದಿ ಬೇರೆ ಜೀಪ್ ಹತ್ತಿದರು. ಅವನು ಒಂದು ತಿಂಗಳು ಮನೆಯಲ್ಲಿ ಬೇಕಾದಷ್ಟೇ ಮಾತಾಡಿದ. ಆಮೇಲೆ ಒಂದು ದಿನ ತಾನಾಗಿಯೇ ಕೂತು, "ನನ್ನ ಬೆನ್ನಲ್ಲೇನಾದರೂ ಇದೆಯಾ ನೋಡು," ಎಂದು ಅಂಗಿ ಬಿಚ್ಚಿದ. ಅವಳು ಎಡಗೈಯಿಂದ ಮುಟ್ಟಿ ಮುಟ್ಟಿ ನೋಡಿದಳು. ಏನೂ ಇರಲಿಲ್ಲ. ಇಬ್ಬರಿಗೂ ಅವತ್ತು ಅಳು ಬಂತು.

ತಮಿಳರಸಿ ಡಾಕ್ಟರ್ ಬೋಡಿಗೆ ಬಂದು ಮಂಡಿಯ ಯಜಮಾನನೊಡನೆ ಮಾತಾಡಿದ ಮೇಲೆ, ಕಾರ್ತಿಗೈ ತಿಂಗಳ ಹೊತ್ತಿಗೆ ಇಬ್ಬರನ್ನೂ ಮತ್ತೆ ಸೇರಿಸಿಕೊಂಡರು. ಆರಿಸುವುದಕ್ಕಲ್ಲ, ಹೊರಗಿನ ಜಗಲಿಯಲ್ಲಿ ಚೀಲ ಒಗೆದು ಒಣಹಾಕುವುದಕ್ಕೆ. ಅದರ ನಡುವೆ ಮಂಡಿಯ ಇನ್ನೊಬ್ಬ ಹೆಂಗಸು, ಅವತ್ತು ಮೊರ ಎತ್ತಿಕೊಂಡು ದೂರ ಹೋದವಳೇ, ಸದ್ದಿಲ್ಲದೆ ಬಂದು ಅಳಗಮ್ಮಾಳಿಗೆ ತನ್ನ ಭುಜ ತೋರಿಸಿದಳು. ಅದು ಬರೀ ಚಿಬ್ಬು. ಆದರೂ ಅವಳನ್ನು ಡಾಕ್ಟರ ಹತ್ತಿರ ಕಳಿಸಿದಳು.

ಅಳಗಮ್ಮಾಳ ಉಂಗುರ ಬೆರಳು ಸುಮಾರಾಗಿ ನೆಟ್ಟಗಾಯಿತು. ಕಿರುಬೆರಳು ಮಡಚಿದಂತೆಯೇ ಉಳಿಯಿತು. ಎರಡಕ್ಕೂ ಸ್ಪರ್ಶ ಮರಳಲಿಲ್ಲ. ಪಿಚ್ಚೈಯಮ್ಮಾಳ್ ಪಟ್ಟಿ ಇಲ್ಲದೆ ಒಂದು ಬೀದಿಯಷ್ಟು ನಡೆಯಬಲ್ಲಳು, ಅದರಾಚೆಗೆ ಪಾದ ಜೋಲುತ್ತದೆ.

ಮುಂದಿನ ವರ್ಷ, ೧೯೯೯ರ ಆನಿಯಲ್ಲಿ, ಇಬ್ಬರನ್ನೂ ಒಂದೇ ದಿನ ಪರೀಕ್ಷೆಗೆ ಕರೆದಿದ್ದರು. ಮೋಹನ್‌ರಾಜ್‌ಗೆ ಅಷ್ಟರಲ್ಲಿ ದಿಂಡಿಗಲ್‌ಗೆ ವರ್ಗವಾಗಿತ್ತು, ಅವನ ಜಾಗದಲ್ಲಿ ಯಾರೂ ಬಂದಿರಲಿಲ್ಲ. ಡಾಕ್ಟರ್ ತಾವೇ ವಿವರ ಬರೆದುಕೊಳ್ಳಲು ಹೊಸ ಕಾಗದ ತೆಗೆದು ಪಿಚ್ಚೈಯಮ್ಮಾಳನ್ನು ಕೇಳಿದರು.

"ನಿನಗೆ ಈ ಕಾಯಿಲೆ ಇದೆ ಅಂತ ಮೊದಲು ಗುರುತು ಹಿಡಿದದ್ದು ಯಾರಮ್ಮಾ?"

ಪಿಚ್ಚೈಯಮ್ಮಾಳ್ ಬೆಂಚಿನ ಆ ತುದಿಯಲ್ಲಿ ಕೂತಿದ್ದವಳ ಕಡೆ ಗಲ್ಲ ಆಡಿಸಿದಳು. "ಇವಳೇ," ಎಂದಳು. "ಹೇಳಿದ್ದು ಮಾತ್ರ ತಡ."

ಡಾಕ್ಟರ್ ಮೊದಲ ಮಾತನ್ನಷ್ಟೇ ಬರೆದುಕೊಂಡು, ಪಿಚ್ಚೈಯಮ್ಮಾಳ ಕಾಲನ್ನು ತಮ್ಮ ಮಡಿಲ ಮೇಲೆ ಎತ್ತಿಟ್ಟುಕೊಂಡರು.